ಹೊಸ್ತಿಲ ಆಚೆ ನಿಲ್ಲಿಸಬೇಡ

ಅಕ್ಕಾ,
ಬೇಕರಿಗೆ ಹೊರಟೆ. ನೀನು ಚೆನ್ನಾಗಿ ನಿದ್ದೆ ಮಾಡುತ್ತಿದ್ದೆ, ಎಬ್ಬಿಸಲಿಲ್ಲ.

ಹೊತ್ತು ಮುಳುಗಿದ ಮೇಲೆ ಗಡಿಯಾರ ರಿಪೇರಿಯವರು ಬರುತ್ತಾರೆ, ನನ್ನನ್ನು ಮದುವೆ ಮಾಡಿಕೊಡಿ ಅಂತ ನಿನ್ನ ಹತ್ತಿರ ಕೇಳುವುದಕ್ಕೆ. ಅವರು ರಕ್ತಪಿಶಾಚಿ ಅಂತ ನಿನಗೆ ಗೊತ್ತೇ ಇದೆ. ನೀನಾಗಿ "ಒಳಗೆ ಬನ್ನಿ" ಅನ್ನದೆ ಅವರಿಗೆ ಹೊಸ್ತಿಲು ದಾಟಲು ಆಗುವುದಿಲ್ಲ. ಮೊನ್ನೆ ನೀನು ಮುಖ ತಿರುಗಿಸಿಕೊಂಡು ಹೋದೆ. ಪಾಪ, ಮಳೆಯಲ್ಲಿ ನೆನೆಯುತ್ತ ನಿಂತಿದ್ದರು.

ಊಟಕ್ಕೆ ಬಲವಂತ ಮಾಡಬೇಡ. ಫ್ರಿಜ್ಜಿನ ಬಾಟಲಿಯಲ್ಲಿ ಕುರಿಯ ರಕ್ತ ಇದೆ, ಅವರಿಗೆಂದೇ ತಂದಿಟ್ಟದ್ದು. ಟೊಮೆಟೊ ರಸ ಅಂತ ನೀನು ಕುಡಿದುಬಿಟ್ಟೀಯ. ವಯಸ್ಸು ಕೇಳಬೇಡ, ಮುನ್ನೂರು ಅಂತ ನಿಜವನ್ನೇ ಹೇಳಿಬಿಡುತ್ತಾರೆ.

"ನಾನು ಮುದುಕಿಯಾದರೆ?" ಅಂತ ನಿನ್ನೆ ಅವರನ್ನು ಕೇಳಿದೆ.
"ಕೈ ಹಿಡಿದು ರಸ್ತೆ ದಾಟಿಸುತ್ತೇನೆ" ಅಂದರು.
ಅಲ್ಲೇ ಒಪ್ಪಿಬಿಟ್ಟೆ.

ಬೈಯುವುದಿದ್ದರೆ ನಾನು ಬರುವ ತನಕ ತಡೆದುಕೋ. ಇಬ್ಬರನ್ನೂ ಒಟ್ಟಿಗೆ ಕೂರಿಸಿಕೊಂಡು ಬೈ.