ಹಿಂದಿನ ಆಕ್ಸಲ್ ನಿಮ್ಮದೇ

ಹೂಳುಶಕ ನೂರ ಎಂಟು, ಹದಿಮೂರನೆಯ ತಿಂಗಳ ಮೂವತ್ತೆರಡನೆಯ ದಿನ
ನಡುಗಡ್ಡೆ

ಮರ್ದಾನಸಾಬ ಮುತ್ಯಾ ಅವರಿಗೆ, ನಿಮ್ಮ ಏಳನೆಯ ತಲೆಮಾರಿನ ಮೊಮ್ಮಗಳು ಹುಸೇನಬಿ ಮಾಡುವ ಸಲಾಮು.

ತಾರೀಖು ನೋಡಿ ಗಾಬರಿಯಾಗಬೇಡಿ. ನಿಮ್ಮ ಹೊಸಪೇಟೆಯ ಅಣೆಕಟ್ಟಿನ ಹಿಂದೆ ನೀರು ನಿಲ್ಲುತ್ತಿದ್ದ ಜಾಗವೆಲ್ಲ ಈಗ ಹೂಳು. ಜನ ಆ ಹೂಳಿನ ಮೇಲೆ ಮೊದಲ ಸಲ ಬಿತ್ತಿದ ವರ್ಷದಿಂದ ನಾವು ಶಕ ಎಣಿಸುತ್ತೇವೆ. ಕೆಸರು ಒಣಗಿ ಬಿರುಕು ಬಿಡುವವರೆಗಿನ ದಿನಗಳನ್ನೆಲ್ಲ ಹದಿಮೂರನೆಯ ತಿಂಗಳಿಗೆ ಸೇರಿಸುತ್ತೇವೆ. ಆ ತಿಂಗಳು ಯಾವಾಗ ಮುಗಿಯುತ್ತದೆ ಎಂಬುದು ಕೆಸರಿನ ಮರ್ಜಿ. ನನ್ನ ಕೆಲವು ಮಾತುಗಳು ನಿಮಗೆ ವಿಚಿತ್ರವಾಗಿ ಕೇಳಿಸಿದರೆ ಕ್ಷಮಿಸಿ. ನಿಮ್ಮ ಗ್ಯಾರೇಜಿನಲ್ಲಿ ಡಿಫರೆನ್ಶಿಯಲ್ ಲಾಕ್ ಎನ್ನುತ್ತಿದ್ದುದು ನಮ್ಮಲ್ಲಿ ಜೋಡುಕೀಲಿ. ಟ್ರ್ಯಾಕ್ಷನ್ ಕಂಟ್ರೋಲ್ ಎಂದರೆ ತಡೆಮತಿ.

ನಮ್ಮ ಊರುಗಳು ಇರುವುದು ಗಡ್ಡೆಗಳ ಮೇಲೆ, ಗಟ್ಟಿ ನೆಲ ಇರುವುದು ಅಲ್ಲಿ ಮಾತ್ರ. ಗಡ್ಡೆಯಿಂದ ಗಡ್ಡೆಗೆ ಕೆಸರು. ಜೋಳದ ರೊಟ್ಟಿ ಇನ್ನೂ ಇದೆ, ಚಿಂತೆ ಬೇಡ. ನಿಮಗೆ ಕಳೆಯಾಗಿದ್ದ ಅಂತರಗಂಗೆ ನಮಗೆ ಪಲ್ಯ. ನಮ್ಮ ಮಕ್ಕಳು ಹಿಮ್ಮಡಿ ಊರಿ ಕೆಸರಿನ ಆಳ ಹೇಳುತ್ತಾರೆ. ನಿಮ್ಮ ಜೀಪು ಕೂಡ ಇದೆ. ಎಂಜಿನ್ ತೆಗೆದು ಬಿಸಿಲಿನ ಮೋಟಾರ್ ಕೂರಿಸಿ ಮೂರು ತಲೆಮಾರಾಯಿತು, ಮೈಯ ತಗಡು ಎಷ್ಟು ಸಲ ಬದಲಾಯಿತೋ ಲೆಕ್ಕವಿಲ್ಲ. ಆದರೆ ಹಿಂದಿನ ಆಕ್ಸಲ್ ನಿಮ್ಮದೇ. ಅದರ ಜೋಡುಕೀಲಿ, ಕೀಲಿ ಹಾಕಲು ಸೀಟಿನ ಪಕ್ಕ ಇಟ್ಟ ಸನ್ನೆಕೋಲು, ನಿಮ್ಮ ಕೈಯ ಬೆಸುಗೆ, ಎಲ್ಲ ಹಾಗೇ ಇವೆ.

ಆ ಸನ್ನೆಯ ಮೇಲೆ ಗಡ್ಡೆಗಳನ್ನೆಲ್ಲ ಆಳುವ ನಮ್ಮ ಸಭೆಗೆ ಕಣ್ಣಿತ್ತು. ಕೈಯಿಂದ ಕೀಲಿ ಹಾಕುವ ಗಾಡಿಗಳನ್ನೆಲ್ಲ ಕರಗಿಸಬೇಕು, ಏಕೆಂದರೆ ಕೀಲಿ ಬಿಡಲು ಕೈ ಮರೆಯುತ್ತದೆ ಎಂಬುದು ಅವರ ವಾದ. ಅದು ಪೂರ್ತಿ ಸುಳ್ಳಲ್ಲ. ಕೀಲಿ ಹಾಕಿದಾಗ ಎರಡೂ ಚಕ್ರ ಒಂದೇ ಸಮ ತಿರುಗುತ್ತವೆ. ಹಾಗೇ ಗಟ್ಟಿ ನೆಲದಲ್ಲಿ ಗಾಡಿ ಹೊರಳಿಸಿದರೆ ಆಕ್ಸಲಿನೊಳಗಿನ ಶಾಫ್ಟ್ ಮುರಿಯುತ್ತದೆ. ನಮ್ಮಪ್ಪ ಹೀಗೆ ಮರೆತು ಒಂದನ್ನು ಮುರಿದಿದ್ದ. ಈಗ ಹಾಕಿರುವುದು ಕೊನೆಯ ಜೋಡಿ, ಬದಲಿ ಇಡೀ ಹೂಳುನಾಡಿನಲ್ಲಿ ಇಲ್ಲ. ತಡೆಮತಿಗೆ ಈ ರಗಳೆಯಿಲ್ಲ. ಜಾರುವ ಚಕ್ರಕ್ಕೆ ತಾನೇ ಬ್ರೇಕ್ ಹಾಕಿ, ಬಲವನ್ನು ಇನ್ನೊಂದು ಚಕ್ರಕ್ಕೆ ಕಳಿಸುತ್ತದೆ. ಒದ್ದೆ ಬಂಡೆಯ ದಾರಿಯಲ್ಲಿ ಅದು ನನಗಿಂತ ಜಾಣ, ಒಪ್ಪುತ್ತೇನೆ.

ಹೋದ ವರ್ಷ ಇದೇ ತಿಂಗಳು, ನಾನೀಗ ಬಂದು ಕೂತಿರುವ ಈ ನಡುಗಡ್ಡೆಯ ಒಂದೇ ಬಾವಿ ಕುಸಿಯಿತು. ಇಲ್ಲಿ ಅರವತ್ತು ಜನ, ಅವರಲ್ಲಿ ನನ್ನ ಅಕ್ಕ ಮಾಬೂಬಿ. ಎರಡು ದಿನ ಅವರಿಗೆ ಕುಡಿಯಲು ಹನಿ ನೀರಿಲ್ಲ. ಸಭೆಯ ಚಾಲಕ ಗಾದಿಲಿಂಗಣ್ಣ ನೀರು ತುಂಬಿದ ದೊಡ್ಡ ಗಾಡಿ ಹೊರಡಿಸಿದ. ಬರುತ್ತೇನೆಂದ ನನಗೆ ಸಭೆಯವರು ಮನೆಯಲ್ಲಿ ಕೂತಿರು ಎಂದರು. ಅರ್ಧ ದಾರಿಯಲ್ಲಿ ಅವನ ಗಾಡಿ ಹೂತಿತು. ತಡೆಮತಿ ಬ್ರೇಕ್ ಹಾಕಬೇಕಾದರೆ ಚಕ್ರ ಮೊದಲು ಜಾರಬೇಕಲ್ಲ, ಮುತ್ಯಾ! ನಮ್ಮ ಕೆಸರಿನಲ್ಲಿ ಒಂದು ಜಾರು ಅಂದರೆ ಒಂದು ಗುಂಡಿ. ಎಡಗಡೆಯದು ಜಾರಿತು, ಹಿಡಿಯಿತು. ಬಲಗಡೆಯದು ಜಾರಿತು, ಹಿಡಿಯಿತು. ಕೊನೆಗೆ ಬ್ರೇಕ್ ಕಾದು, ಗಾಡಿಯೇ ಇಂಪಾದ ದನಿಯಲ್ಲಿ ಸ್ವಲ್ಪ ವಿಶ್ರಾಂತಿ ಬೇಕು ಎಂದಿತಂತೆ.

ಸುದ್ದಿ ಬಂದ ಮೇಲೆ ನಾನು ಯಾರನ್ನೂ ಕೇಳಲಿಲ್ಲ. ಟಯರಿನ ಗಾಳಿ ಅರ್ಧ ಇಳಿಸಿದೆ. ಕೆಸರು ಶುರುವಾಗುವ ಮೊದಲೇ ಸನ್ನೆ ಎಳೆದೆ. ನಿಮ್ಮ ಕೀಲಿ ಟಕ್ ಎಂದು ಕೂತಿತು. ಆಮೇಲೆ ಒಂದೇ ವೇಗ, ನೇರ ದಾರಿ, ಒಂದು ಚಕ್ರವೂ ಇನ್ನೊಂದನ್ನು ಬಿಟ್ಟು ಓಡಲಿಲ್ಲ. ಸೊಂಟದವರೆಗೆ ಕೆಸರಾಗಿ ನಿಂತಿದ್ದ ಗಾದಿಲಿಂಗಣ್ಣ ತನ್ನ ಗಾಡಿಯಿಂದ ನನ್ನ ಪೀಪಾಯಿಗಳಿಗೆ ನೀರು ತುಂಬಿಸಿಕೊಟ್ಟ. ಜೀಪಿಗೆ ಒಂದು ಸಲಕ್ಕೆ ನಾಲ್ಕೇ ಪೀಪಾಯಿ. ಎಲ್ಲರಿಗೂ ಸಾಲಬೇಕೆಂದರೆ ಐದು ಸಲ ಹೋಗಿಬರಬೇಕಿತ್ತು.

ಗಡ್ಡೆ ಹತ್ತಿದಾಗ ಜನ ಕೈಯೆತ್ತಿ ಕೂಗುತ್ತಿದ್ದರು. ನಾನು ಹಿಗ್ಗಿ ಹೀರೇಕಾಯಿಯಾಗಿದ್ದೆ. ಆ ಹಿಗ್ಗಿನಲ್ಲೇ ಬಾವಿಯ ಕಡೆ ಸ್ಟಿಯರಿಂಗ್ ತಿರುಗಿಸಹೊರಟೆ. ಆಗ ಒಡೆದ ತುಟಿಯ ನನ್ನ ಅಕ್ಕ, ನೀರು ಕೇಳಲಿಲ್ಲ, ನನ್ನ ಯೋಗಕ್ಷೇಮ ಕೇಳಲಿಲ್ಲ, ಇದ್ದಬದ್ದ ದನಿಯೆಲ್ಲ ಕೂಡಿಸಿ ಕಿರುಚಿದಳು: “ಕೀಲಿ ಬಿಟ್ಟೇನ, ಹುಸೇನಿ? ಮೊದ್ಲ ಕೀಲಿ ಬಿಡ!”

ಬಿಟ್ಟಿರಲಿಲ್ಲ. ಸನ್ನೆ ತಳ್ಳಿದೆ. ಶಾಫ್ಟ್ ಉಳಿಯಿತು, ಉಳಿದ ನಾಲ್ಕು ಸಲದ ನೀರೂ ಬಂತು. ಅರವತ್ತು ಜನರಲ್ಲಿ ಒಬ್ಬರೂ ಸಾಯಲಿಲ್ಲ, ಮುತ್ಯಾ, ಒಬ್ಬರೂ! ಕೊನೆಯ ಸಲ ಬರಿದಾದ ದೊಡ್ಡ ಗಾಡಿಗೆ ಹಗ್ಗ ಬಿಗಿದು, ಗಾದಿಲಿಂಗಣ್ಣನನ್ನೂ ಅವನ ತಡೆಮತಿಯನ್ನೂ ದಡಕ್ಕೆ ಎಳೆದು ತಂದೆ.

ಸಭೆ ತನ್ನ ಮಾತು ನುಂಗಿಕೊಂಡಿತು. ಗಾದಿಲಿಂಗಣ್ಣ ಈಗ ತನ್ನ ಗಾಡಿಗೂ ಜೋಡುಕೀಲಿ ಕೂರಿಸಿದ್ದಾನೆ, ತಡೆಮತಿಯನ್ನೂ ಇಟ್ಟುಕೊಂಡಿದ್ದಾನೆ. ಬಂಡೆಗೆ ಅದು, ಕೆಸರಿಗೆ ಇದು. ಈಗ ಇಲ್ಲಿ ಯಾರ ಮನೆಗೆ ಯಾರು ಬಂದರೂ ಮೊದಲು ಕೇಳುವುದು ಕೀಲಿ ಬಿಟ್ಟೆಯಾ ಎಂದೇ. ನಡೆದು ಬಂದವರನ್ನೂ ಹಾಗೇ ಕೇಳುತ್ತೇವೆ. ಬಿಟ್ಟೆ ಎಂದಮೇಲೆ ಚೊಂಬು ನೀರು ಕೊಡುತ್ತೇವೆ.

ಕೊನೆಗೊಂದು ಬೇಡಿಕೆ. ಜೀಪಿನ ಸೀಟಿನ ಅಡಿಯಲ್ಲಿ ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿದ ಒಂದು ರಟ್ಟು ಸಿಕ್ಕಿತು. ನಿಮ್ಮ ಕಾಲದ ಪ್ಲಾಸ್ಟಿಕ್ಕಿಗೆ ಸಾವಿಲ್ಲ, ರಟ್ಟು ಹೊಸದರಂತಿದೆ. ಅದರ ಮೇಲೆ ನಿಮ್ಮ ದುಂಡಕ್ಷರ: ಹಳೆ ಜೀಪು ಮಾರಾಟಕ್ಕಿದೆ, ಒಳಗೆ ವಿಚಾರಿಸಿ. ಮೂಲೆಗಳಿಗೆ ತೂತು ಕೊರೆದಿದ್ದೀರಿ, ದಾರವನ್ನೂ ಪೋಣಿಸಿದ್ದೀರಿ. ತಾನೇ ಯೋಚಿಸುವ ಹೊಸ ಗಾಡಿ ನಿಮ್ಮ ಕಣ್ಣಿಗೂ ಬಿದ್ದಿರಬೇಕು. ತಪ್ಪಲ್ಲ, ಅದನ್ನೂ ಕೊಳ್ಳಿ, ಓಡಿಸಿ. ಆದರೆ ಈ ರಟ್ಟನ್ನು ಮಾತ್ರ ಗೇಟಿಗೆ ಕಟ್ಟಬೇಡಿ, ಸೀಟಿನ ಅಡಿಗೆ ಸೇರಿಸಿಬಿಡಿ.

ಅದರ ಹಿಂಬದಿ ನನಗೆ ಬೇಕು. ಈ ಪತ್ರ ಬರೆಯುತ್ತಿರುವುದು ಅದರ ಮೇಲೆಯೇ.

ಹುಸೇನಬಿ