ಬಿ12 ಅಲ್ಲದ ಬಿ12

ಮಾರ್ಚ್ 11, ಮಂಗಳವಾರ

ನಮ್ಮ ಪ್ರಯೋಗಾಲಯಕ್ಕೆ ಬಂದಿದ್ದ ಹುಳಿ ಬರಿಸಿದ ಸೋಯಾ ಹಾಲಿನ ಫಲಿತಾಂಶ ಇವತ್ತು ಸಿಕ್ಕಿತು. ಅದರೊಳಗಿನ ಬ್ಯಾಕ್ಟೀರಿಯಾ ತಯಾರಿಸುವುದು ನರಗಳಿಗೆ ಬೇಕಾದ ಬಿ12 ವಿಟಮಿನ್ ಅಲ್ಲ, ಬಿ12ರಂತೆಯೇ ಕಾಣುವ ಇನ್ನೇನೋ. ನಮ್ಮ ಮೈಗೆ ಅದು ಕೆಲಸಕ್ಕೆ ಬಾರದು.

ಮಾಂಸ, ಮೊಟ್ಟೆ, ಹಾಲು ಎಲ್ಲ ಬಿಟ್ಟಿರುವ ಅಕ್ಕ, ಬಾಟಲಿಯ ಮೇಲಿನ 'ಬಿ12 ಇದೆ' ಎಂಬ ಬರಹ ನಂಬಿ ಬಿ12 ಮಾತ್ರೆಯನ್ನೂ ಬಿಟ್ಟು ವರ್ಷಗಳಿಂದ ಈ ಸೋಯಾ ಹಾಲನ್ನೇ ಕುಡಿಯುತ್ತಿದ್ದಾಳೆ. ತಕ್ಷಣ ಫೋನು ಮಾಡಿದೆ.

"ಅಕ್ಕಾ, ಪಾದ ಜುಮ್ಮೆನ್ನೋದು ನಿಂತಿತಾ?"

"ಜುಮ್ಮೂ ಇಲ್ಲ, ಏನೂ ಇಲ್ಲ ಕಣೇ. ಚಪ್ಪಲಿ ಕಳಚಿಕೊಂಡ್ರೂ ಗೊತ್ತಾಗಲ್ಲ. ಹಾಯಾಗಿದೀನಿ," ಎಂದು ನಕ್ಕಳು.

ಅವಳ ಮನೆಗೆ ಹೋಗಿ ಅವಳನ್ನು ಡಾಕ್ಟರ ಬಳಿ ಎಳೆದುಕೊಂಡು ಹೋದೆ. ಅವರು ರಕ್ತ ತೆಗೆದುಕೊಂಡು ಕೂಡಲೇ ಇಂಜೆಕ್ಷನ್ ಕೊಟ್ಟರು. "ನರ ಎಷ್ಟು ಚೇತರಿಸ್ಕೊಳ್ಳುತ್ತೋ ಈಗಲೇ ಹೇಳಕ್ಕಾಗಲ್ಲ," ಎಂದರು.

"ಹಾಗಾದ್ರೆ ಇಷ್ಟು ದಿನ ನಾನು ಕುಡಿದಿದ್ದು ಏನೇ?" ಎಂದು ಅಕ್ಕ ದಾರಿಯಲ್ಲಿ ಕೇಳಿದಳು.

ಈ ರಾತ್ರಿ ಅವಳು ನನ್ನ ಕೋಣೆಯಲ್ಲೇ ಮಲಗಿದ್ದಾಳೆ. ಸ್ವಲ್ಪ ಮುಂಚೆ ಅವಳ ಕಾಲಿನ ಹೆಬ್ಬೆರಳು ಹಿಡಿದು, ಚಿವುಟಿ ನೋಡುತ್ತೇನೆ ಎಂದೆ. ಕಣ್ಣು ಮುಚ್ಚಿಕೊಂಡೇ, "ಹೂಂ, ಚಿವುಟು," ಎಂದಳು.

ನಾನಾಗಲೇ ಚಿವುಟುತ್ತಿದ್ದೆ.