ಹಿತ್ತಲದ ಜರ್ಮನ್ ಹಂದರ

ಹಳೇ ಹುಬ್ಬಳ್ಳಿ
ರವಿವಾರ, ತಾ. ೨೫-೮-೧೯೪೬

ಚಿ. ಸೌ. ಸಾವಕ್ಕಗ,

ನಿನ್ನ ಅಪ್ಪನ ಆಶೀರ್ವಾದ. ನಾನು ಗಟ್ಟಿಯಾಗಿದ್ದೇನಿ. ಮೊಣಕಾಲು ಮಾತ್ರ ಮಳೆಗಾಲದಾಗ ಹೆಂಗ ಇರಬೇಕೋ ಹಂಗ ಐತಿ. ಗದಗಿನ ಕಡೆ ನೀನು, ಅಳಿಯಂದಿರು, ಹಿರಿಯರು ಎಲ್ಲರೂ ಆರಾಮ ಇದ್ದೀರೆಂದು ನಂಬೇನಿ.

ಕಾಗದ ಬರೆಯೋದು ತಡ ಆತು, ಮನಸ್ಸಿಗೆ ಹಚ್ಚಿಕೋಬ್ಯಾಡ. ಟಪಾಲಿನವರ ಮುಷ್ಕರ ಇತ್ತು ಅಂತ ಬರೆದು ಪಾರಾಗಬೇಕೆಂದಿದ್ದೆ. ಆದರ ಮುಷ್ಕರ ಮುಗಿದು, ಟಪಾಲಿನವ ಮತ್ತ ಓಣಿಯಾಗ ಸೈಕಲ್ ಹೊಡಿಯಾಕತ್ತಿ ಭಾಳ ದಿನ ಆದವು. ಅವನ ಮ್ಯಾಲೂ ನನಗ ಪೂರಾ ನಂಬಿಕಿ ಇಲ್ಲ. ನಮ್ಮ ಮನಿ ಮುಂದ ಬಂದಾಗ ಗಂಟಿ ಬಾರಿಸದೇ, ಮಾರಿ ಆಕಡೆ ಮಾಡಿ ಹೋಗತಾನ. ನಿನ್ನ ಕಾಗದ ಅವನ ಚೀಲದಾಗ ಕೊಳಿಯಾಕತ್ತಾವೋ, ನೀನೇ ಬರೆದಿಲ್ಲೋ, ನನಗ ಹೆಂಗ ಗೊತ್ತಾಗಬೇಕು.

ಈಗ ಮುಖ್ಯ ಮಾತು. ದಸರಾ ಮುಗಿದ ಮ್ಯಾಲೆ ಕುಬಸ ಮಾಡಿ ನಿನ್ನ ಕರಕೊಂಡು ಬರಬೇಕು. ಚೊಚ್ಚಲ ಬಾಣಂತನ ತವರಮನಿಯಾಗೇ ಆಗಬೇಕು, ಅದರಾಗ ಎರಡು ಮಾತಿಲ್ಲ. ನಿಮ್ಮವ್ವ ಇದ್ದಿದ್ದರ ನಾನು ಬರೆಯೋ ಪ್ರಸಂಗಾನೇ ಬರತಿರಲಿಲ್ಲ. ನಮ್ಮ ಮನಿಯ ಬಚ್ಚಲ ನಿನಗ ಗೊತ್ತೇ ಐತಿ; ಒಬ್ಬರು ಕುಂತರ ಇನ್ನೊಬ್ಬರಿಗೆ ಕಾಲಿಡಾಕ ಜಾಗಾ ಇಲ್ಲ. ಬಾಣಂತಿನ್ನ ಮಣಿ ಮ್ಯಾಲೆ ಮಲಗಿಸಿ ಎಣ್ಣಿ ಹಚ್ಚಿ ಹಂಡೇಗಟ್ಟಲೆ ನೀರು ಹಾಕಬೇಕಂದರ ಎಲ್ಲಿ? ಅದಕ್ಕೇ ಹಿತ್ತಲದಾಗ ಬಾವಿ ಬಾಜೂಕ ಒಂದು ಹಂದರ ಹಾಕಿಸೇನಿ. ನಾಲ್ಕೂ ಕಡೆ, ಮ್ಯಾಲೆ ತಾಡಪತ್ರಿ. ಗಾಳಿ ಬರೂದಿಲ್ಲ, ಮಂದಿ ಕಣ್ಣು ಬೀಳೂದಿಲ್ಲ.

ಹಂದರಕ್ಕ ಕಟ್ಟಿಗಿ ಬ್ಯಾಡಂದೆ. ಹಿಂದಿನ ಕಂಬಗಳನ್ನ ವರಲಿ ತಿಂದದ್ದು ನೀನೂ ನೋಡೀದಿ. ಕಬ್ಬಿಣ ಕೇಳಿದರ ಕಂಟ್ರೋಲು, ಪರವಾನಗಿ, ಸಾಹೇಬರ ಸಹಿ. ಆಗ ಮಲ್ಲಿಕಸಾಬ ಬಂದ. ಮೋಟಾರು ದುರಸ್ತಿ ಮಾಡೋ ನಮ್ಮ ಮಲ್ಲಿಕಸಾಬ, ಸಾಲಿಯಾಗ ನನ್ನ ಬಾಜೂ ಕುಂತು ನನ್ನ ಪಾಟಿ ನೋಡಿ ಲೆಕ್ಕಾ ಬರಕೋತಿದ್ದವ. ಮಿಲಿಟರಿಯವರು ಹರಾಜು ಹಾಕಿದ ಸಾಮಾನಿನಾಗ ಅಲ್ಯುಮಿನಿಯಮ್ ಕೊಳವಿ ಹಿಡಕೊಂಡು ಬಂದಿದ್ದ. ಮುರಿದ ಇಮಾನದ್ದಂತ. ‘ಆಕಾಶದಾಗ ಮಳಿಯೊಳಗ ಹಾರಿದ್ದೋ ಅರ್ಜುನಣ್ಣ, ನಿನ್ನ ಹಿತ್ತಲದ ಮಳೀಗೆ ಅಂಜತೈತೇನು?’ ಅಂದ.

ಬಾಜೂ ಮನಿ ಸತ್ಯವ್ವ ಬಂದು ಕೊಳವಿ ಮುಟ್ಟಿ, ಇದು ಜರ್ಮನ್ನು, ನಮ್ಮ ಅಡಗಿಮನಿ ಪಾತ್ರಿದೇ ಜಾತಿ ಅಂದಳು. ಲಡಾಯಿ ಸೋತ ಜರ್ಮನ್ನರು ಹಿಂಬಾಗಲಿಂದ ನಿಮ್ಮ ಹಿತ್ತಲಕ್ಕ ಬಂದ್ರು ನೋಡ್ರಿ ಅಂತ ನಕ್ಕಳು. ನಿಮ್ಮವ್ವನ ಗೆಳತಿ, ಓಣಿಯ ಅರ್ಧ ಕೂಸುಗಳಿಗೆ ಎರದಾಕಿ. ನಿನ್ನ ಬಾಣಂತನ ಮಾಡತೇನಂತ ತಾನಾಗೇ ಒಪ್ಪಿಕೊಂಡಿದ್ದಳು.

ಮಲ್ಲಿಕಸಾಬ ಕೆಲಸ ಛಲೋ ಮಾಡಿದ, ಸುಳ್ಳು ಹೇಳಬಾರದು. ಕೊಳವಿಯ ಕಾಲು ಮಣ್ಣಾಗ ಹುಗಿಯಲಿಲ್ಲ, ಕಲ್ಲಿನ ಮ್ಯಾಲೆ ನಿಲ್ಲಿಸಿದ. ಕಬ್ಬಿಣದ ಬೋಲ್ಟು ಹಾಕೂ ಕಡೆಗೆಲ್ಲ ಸೈಕಲ್ ಟ್ಯೂಬಿನ ಚೂರು ನಡುವ ಇಟ್ಟ. ಯಾಕಪಾ ಅಂದರ, ಕಬ್ಬಿಣ ಮತ್ತು ಇದು ಸವತಿಯರು, ತೊಯ್ದಾಗ ಮೈಗೆ ಮೈ ಹತ್ತಿದರ ಒಬ್ಬಾಕಿ ಇನ್ನೊಬ್ಬಾಕಿನ್ನ ತಿಂತಾಳ ಅಂದ. ಪಂಚಮಿಯ ಮರುದಿನ ಸಂಜೀಕ ಎಲ್ಲಾ ಆದ ಮ್ಯಾಲೆ, ಎರಡು ಕೈ ಎಣ್ಣಿ ಬಣ್ಣ ಹಚ್ಚೂಣು ಅಂದ. ಅಲ್ಲೇ ನನಗ ಹುಳಾ ಹೊಕ್ಕಿತು. ಮಳೀಗೆ ಅಂಜದ್ದಕ್ಕ ಬಣ್ಣ ಯಾಕ? ಬಣ್ಣದ ಕೆಳಗ ಏನು ಮುಚ್ಚಾಂವ ಇವ? ಬ್ಯಾಡ ಅಂದೆ. ಅವನ ಮಾರಿ ಸಣ್ಣದಾತು. ಆಗ ಅದನ್ನೂ ಕಳ್ಳತನದ ಗುರುತು ಅಂತ ತಿಳಕೊಂಡೆ.

ಪಂಚಮಿ ಆದ ಮ್ಯಾಲೆ ಒಂದು ಮುಂಜಾನೆ ನೋಡತೇನಿ, ಕೊಳವಿಯ ಮೈಮ್ಯಾಲೆ ಬಿಳೇ ಪುಡಿ. ಕಾಲಿನ ಬುಡದಾಗ ಇನ್ನೂ ಹೆಚ್ಚು, ಅಕ್ಕಿಹಿಟ್ಟು ಉದುರಿಸಿದಂಗ. ಒರಸಿದೆ. ಮತ್ತ ಬಂತು. ಒರಸಿದ ಕಡೆ ಬೆರಳಾಡಿಸಿದರ ಸಿಡುಬಿನ ಕಲಿ ಇದ್ದಂಗ ತಗ್ಗು. ಮಲ್ಲಿಕಸಾಬನ್ನ ಕರೆಸಿ, ಯಾವ ಕೊಳಕು ಮಾಲು ತಂದೀಯೋ ಅಂತ ಓಣಿಯವರ ಮುಂದೇ ಕೇಳಿದೆ. ಇಮಾನಕ್ಕ ಹಿಂಗ ಆಗಿದ್ದರ ಗೋರಾ ಸಿಪಾಯಿಗಳು ಲಡಾಯಿಗೆ ಮೊದಲೇ ಬಿದ್ದು ಸಾಯತಿದ್ದರು, ನಿನ್ನ ಮನಿ ಹವಾನೇ ಕೆಟ್ಟೈತಿ ಅಂದು ಹೊಂಟ. ಅಂದಿನಿಂದ ಚಹಾಕ್ಕ ಬಂದಿಲ್ಲ. ಅವಗೂ ಕಾರಣ ತಿಳಿದಿರಲಿಲ್ಲ, ಅದಕ್ಕೇ ಅಷ್ಟು ಸಿಟ್ಟು.

ಆಮ್ಯಾಲೆ ಕಲ್ಲಿನ ಸಂದಿಯಾಗ ಬೂದಿ ಕಂಡಿತು. ಒಲಿಯ ಬೂದಿ, ಒದ್ದಿ. ಈಗ ಹೇಳು ಸಾವಕ್ಕ, ಬಸರಿ ಮಗಳು ಬರೂ ಮನಿಯ ಹಿತ್ತಲದಾಗ, ಆಕಿ ಎರಕೊಳ್ಳೋ ಜಾಗಾದಾಗ, ಬೂದಿ ಯಾರು ತಂದು ಹಾಕತಾರ? ನಾನು ಧಾರವಾಡದ ಕಾಲೇಜಿನಾಗ ಇಂಟರ್ ತನಕ ಕುಂತು ಎದ್ದವ. ಸುಪರ್ಸ್ಟಿಶನ್ ಅಂತ ಒಂದು ಪ್ರಬಂಧಾನೇ ಬರೆದಿದ್ದೆ. ಅದರ ಮೊದಲ ಸಾಲಷ್ಟೇ ಈಗ ನೆನಪೈತಿ: ಮ್ಯಾನ್ ಈಸ್ ಎ ಥಿಂಕಿಂಗ್ ಬೀಯಿಂಗ್. ಖರೇನೇ, ಆದರ ಥಿಂಕಿಂಗ್ ಮಾಡಿದಷ್ಟೂ ಒಂದೇ ಹೆಸರು ಬರಾಕತ್ತಿತು. ಸತ್ಯವ್ವನ ಸೊಸಿಗೆ ಇನ್ನೂ ಮಕ್ಕಳಿಲ್ಲ. ಹಿತ್ತಲದ ಬಾಗಿಲು ಸತ್ಯವ್ವಗೇ ಗೊತ್ತು. ನಾನು ಪೇಪರು ಓದಾಕ ದುರ್ಗದಬೈಲಿಗೆ ಹೋಗೂ ಹೊತ್ತೂ ಆಕೀಗೇ ಗೊತ್ತು. ಮಂತ್ರಿಸಿದ ಬೂದಿ ಅಂತ ಬಾಯಿಬಿಟ್ಟು ಅನ್ನಲಿಲ್ಲ, ಮನಸ್ಸಿನಾಗ ಅಂದೆ.

ಮೊನ್ನೆ ಮಧ್ಯಾಹ್ನ ಕೊಡಿ ಹಿಡಕೊಂಡು, ಆಕೀಗೆ ಕೇಳೂ ಹಂಗ ಕೆಮ್ಮಿ, ಹೊಂಟಂಗ ಮಾಡಿದೆ. ಹಿಂದಿನ ಸಂದಿಯಿಂದ ಸುತ್ತು ಹಾಕಿ ಬಂದು ಬಾಗಿಲ ಸೀಳಿನಾಗ ನೋಡಿದೆ. ಸತ್ಯವ್ವ ಸೀರಿ ಎತ್ತಿ ಕಟ್ಟಿ, ತೆಂಗಿನ ನಾರಿಗೆ ಬೂದಿ, ಹುಣಸಿಹಣ್ಣು ಹಚ್ಚಿಕೊಂಡು, ಹಂದರದ ಕಾಲನ್ನ ತಿಕ್ಕಾಕತ್ತಿದ್ದಳು. ಕೂಸಿನ ಕಾಲು ತಿಕ್ಕಿದಂಗ, ಗುಣಗುಣಾ ಅನಕೋತ.

ನಾನು ಬಾಗಿಲು ದೂಡಿ ಒಳಗ ಹೋಗಿ, ‘ಏನ ಮಾಡಾಕತ್ತಿ ಸತ್ಯವ್ವ?’ ಅಂದೆ. ನನ್ನ ದನಿಯಾಗಿನ ಸಿಟ್ಟು ಆಕೀಗೆ ತಿಳೀತು.

‘ಬಾಣಂತಿಗೆ ಹೊಸಾ ಪಾತ್ರಿ ಹಂಗಽ ಇಡತಾರೇನ್ರಿ ಅಣ್ಣಾರ? ತಿಕ್ಕಿ ಬೆಳಗಿ ಇಡೂದಿಲ್ಲೇನು? ಪಂಚಮಿ ಆದಾಗಿಂದ ತಿಕ್ಕಾಕತ್ತೇನಿ, ಎಷ್ಟ ತಿಕ್ಕಿದರೂ ಮತ್ತ ಬೆಳ್ಳಗಾಗತೈತಿ ಇದು. ಯಾರದರ ಕಣ್ಣ ಬಿದ್ದೈತೋ ಏನೋ.’

ಆಕೀಗೂ ಅದೇ ಸಂಶಯ! ನಾನು ಕಲ್ಲಿನ ಮ್ಯಾಲೆ ಕುಂತುಬಿಟ್ಟೆ. ಎಷ್ಟೋ ವರ್ಷ ಎಲ್ಲಿ ಅಡಗಿತ್ತೋ, ಕೆಮಿಸ್ಟ್ರಿ ಪ್ರೊಫೆಸರರ ದನಿ ಕಿವಿಯಾಗ ಬಂತು. ಕಾಜಿನ ನಳಿಕಿಯಾಗ ಈ ಲೋಹದ ಚೂರು ಹಾಕಿ, ಕ್ಷಾರದ ನೀರು ಸುರುವಿ, ಬುರುಗು ತೋರಿಸಿದ್ದರು. ‘ಡಿಸಾಲ್ವ್ಸ್ ಇನ್ ಆಲ್ಕಲಿ ವಿತ್’ ಏನೋ ‘ಎಫರ್ವೆಸನ್ಸ್’ ಅಂದಿದ್ದರು. ಮುಂದಿನದು ಮರತೈತಿ. ಆದರ ಬೂದಿ ನೀರು ಅಂದರ ಆಲ್ಕಲಿನೇ ಅಲ್ಲೇನು? ಹಿತ್ತಾಳಿಗೆ ಛಲೋ, ತಾಮ್ರಕ್ಕ ಛಲೋ, ಈ ಲೋಹಕ್ಕ ಮಾತ್ರ ವಿಷ. ಮ್ಯಾಲಿನ ತೆಳು ಪೊರಿ ಬೂದಿಗೆ ಹೋಗತಿತ್ತು. ಒದ್ದಿ ಬೂದಿ ಸಂದಿಯಾಗ ಕುಂತು ಶ್ರಾವಣದ ಜಿಟಿಜಿಟಿ ಮಳಿಯಾಗ ತಿಂತಿತ್ತು. ಪುಡಿ ಕಂಡು ಸತ್ಯವ್ವ ಇನ್ನೂ ಹೆಚ್ಚು ತಿಕ್ಕತಿದ್ದಳು.

ಇದನ್ನೆಲ್ಲ ಹೇಳಿದೆ. ಹೇಳೂ ಭರದಾಗ ನನ್ನ ಮನಸ್ಸಿನ ಮಾತೂ ಬಾಯಿ ಜಾರಿ ಬಂತು. ಸತ್ಯವ್ವ ನಾರು ಕೆಳಗಿಟ್ಟಳು.

‘ನಾ ಮಾಟ ಮಾಡಾಕಿ ಆಗಿದ್ದರ ಮೊದಲ ನಿಮ್ಮ ಬಾಯಿ ಕಟ್ಟತಿದ್ದೆ’ ಅಂದು ಹ್ವಾದಳು.

ಮಲ್ಲಿಕಸಾಬನ ಅಂಗಡಿಗೆ ನಾನೇ ನಡಕೋತ ಹೋದೆ. ಸಂಗತಿ ಕೇಳಿ ಹೊಟ್ಟಿ ಹಿಡಕೊಂಡು ನಕ್ಕ, ಇಮಾನದ ಹಂದರಕ್ಕ ಹುಣಸಿಹಣ್ಣೇನಲೇ ಅಂದ. ನಿನ್ನೆ ಬಂದು ತಾಡಪತ್ರಿ ಬಿಚ್ಚಿ, ಕೊಳವಿಯನ್ನ ಬರೇ ನೀರಿನಿಂದ ತೊಳೆದು, ಮಳಿ ಹೊಳವಾದ ಹೊತ್ತು ನೋಡಿ ಒಣಗಿಸಿ, ಒಂದು ಕೈ ಹಸರು ಎಣ್ಣಿ ಬಣ್ಣ ಹಚ್ಚತೇನಿ ಅಂದವ ಹಚ್ಚೇ ಹೋದ. ಕಾಲಿನ ಬುಡಕ್ಕ ಡಾಂಬರು. ತಗ್ಗು ಆಳ ಇಲ್ಲ, ಹಂದರ ನಿಲ್ಲತೈತಿ ಅಂದ. ಚಹಾನೂ ಕುಡದ.

ಸತ್ಯವ್ವ ಇವತ್ತು ಮುಂಜಾನೆ ಅಜವಾನದ ಪುಡಿಕಿ ತಂದು ಕಟ್ಟಿಯ ಮ್ಯಾಲಿಟ್ಟು, ನನ್ನ ಕಡೆ ನೋಡದೇ, ಸಾವಕ್ಕಗ ಎರಿಯಾಕ ನಾ ಬರತೇನಿ, ಇವರ ಮಾರಿ ನೋಡಾಕಲ್ಲ ಅಂತ ಬಾವಿಗೆ ಹೇಳಿ ಹ್ವಾದಳು. ಅಷ್ಟಾತಲ್ಲ, ಸಾಕು.

ಕುಬಸದ ಸೀರಿ ತಂದು ಇಟ್ಟೇನಿ, ಹಸರಂಚಿನದು. ನೀನು ಭಾರ ಎತ್ತಬ್ಯಾಡ, ಹೊತ್ತಿಗೆ ಸರಿಯಾಗಿ ಊಟಾ ಮಾಡು, ಒದ್ದಿ ಮೆಟ್ಟಿಲು ಹತ್ತುವಾಗ ಗ್ವಾಡಿ ಹಿಡಿ. ನಿನ್ನ ಒಡಲು ತಣ್ಣಗಿರಲಿ, ಕೂಸು ಗಟ್ಟಿಯಾಗಿ ಅಳಕೋತ ಈ ಹಿತ್ತಲಕ್ಕ ಬರಲಿ.

ನಿನ್ನ ಅಪ್ಪ,
ಅರ್ಜುನಪ್ಪ

ತಾ.ಕ. — ಸೀರಿ ತರಾಕ ದುರ್ಗದಬೈಲಿಗೆ ಹೋದದ್ದು ಪಂಚಮಿಯ ಮರುದಿನ. ಅಂಗಡಿಯಾಗ ನಿಮ್ಮ ಮಾವನವರ ತಮ್ಮ ಭೆಟ್ಟಿ ಆದರು. ‘ಹೆಂಗಸಿಲ್ಲದ ಮನಿಗೆ ಚೊಚ್ಚಲ ಬಸರೀನ ಹೆಂಗ ಕಳಸೂದ್ರಿ ಬೀಗರ? ಹುಡುಗೀನೂ ಅವ್ವ ಇಲ್ಲದ ಮನಿಗೆ ನಾ ಒಲ್ಲೆ ಅಂದಾಳ’ ಅಂದರು. ನಾನು ಹೌದಾ ಅಂದು, ಸೀರಿ ಕಟ್ಟಿಸಿಕೊಂಡು ಬಂದೆ. ಅಂದಿನಿಂದ ಮಲ್ಲಿಕಸಾಬನ್ನ ಸಂಶಯಿಸಿದೆ, ಸತ್ಯವ್ವನ್ನ ಸಂಶಯಿಸಿದೆ, ಟಪಾಲಿನವನ್ನ ಸಂಶಯಿಸಿದೆ. ಕೇಳಬೇಕಾದದ್ದು ನಿನ್ನ ಒಬ್ಬಾಕಿನ್ನೇ ಇತ್ತು, ಅದಕ್ಕ ಕೈ ಬರಲಿಲ್ಲ. ಆ ಮಾತು ನೀನು ಅಂದೀದೇನವ್ವಾ? ಅಂದಿಲ್ಲಂದರ ಲಗೂ ಬರಿ. ಅಂದಿದ್ದರೂ ಬರಿ. ಎರಡನೇ ಕೈ ಬಣ್ಣಕ್ಕ ಮಲ್ಲಿಕಸಾಬ ನಾಳೆ ಬರತಾನ, ನಾನು ಬ್ಯಾಡ ಅಂದಿಲ್ಲ.